ಭಂಡಾರವೂ ದಾಸೋಹವೂ
(ಶ್ರೀಮಠದ ಮಹೋತ್ಸವ ಸಭೆಯಲ್ಲಿ ನಡೆದ ಉಪನ್ಯಾಸ)

|| ಶ್ರೀ ಗುರುಬಸವಲಿಂಗಾಯ ನಮಃ ||

 

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಬಿಜ್ಜಳರಾಯನ ಭಂಡಾರವು ಬಸವೇಶ್ವರರ ಕೈಯಲ್ಲಿದ್ದಿತೆಂಬುದು ಸರ್ವರಿಗೂ ವಿದಿತವಾದ ಸಂಗತಿಯು. ಭಂಡಾರಿಯು ಅರಸನ ಹೊನ್ನನ್ನು ಜಂಗಮರಿಗೆ ಸೂರೆಗೊಡುತ್ತಿರುವನೆಂದು ಕೊಂಡೆಯರು ದೂರಿತ್ತರೆಂದೂ, ಬಿಜ್ಜಳನು ಭಂಡಾರವನ್ನು ಎಣಿಸಿ ನೋಡಲಾಗಿ ಲೆಕ್ಕದಲ್ಲಿ ಏನೊಂದೂ ಕಡಮೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುವುವು. ಭಕ್ತರು ಇದನ್ನು ಪವಾಡವೆಂದು ಕೇಳಿ ಆನಂದಿಸುವರು. ಆದರೆ ಈ ಕಥೆಯೊಳಗೆ ರಾಜ್ಯನೀತಿಯ ಮೂರು ಪ್ರಶ್ನೆಗಳು ಅಡಗಿರುವುವು. ಬೊಕ್ಕಸದ ಹಣವು ಯಾರದು? ಅದನ್ನು ಹಸಿದವರಿಗೆ ಕೊಡುವುದು ನ್ಯಾಯವೆ? ಕೊಟ್ಟಮೇಲೆ ಲೆಕ್ಕವು ಸರಿಹೋಗುವುದೆಂತು?

2023ರಲ್ಲಿ ಕರ್ನಾಟಕ ಸರಕಾರವು ಐದು ಗ್ಯಾರಂಟಿ ಯೋಜನೆಗಳನ್ನು ಆರಂಭಿಸಿದಂದಿನಿಂದ ಇವೇ ಪ್ರಶ್ನೆಗಳು ಹಳ್ಳಿಯ ಕಟ್ಟೆಗಳ ಮೇಲೂ ಮಠಗಳ ಪಡಸಾಲೆಗಳಲ್ಲಿಯೂ ಮತ್ತೆ ಮತ್ತೆ ಚರ್ಚೆಗೆ ಬಂದಿರುವುವು. ಒಬ್ಬ ಭಕ್ತನು ಅದನ್ನು ದಾಸೋಹವೆನ್ನುವನು. ಮತ್ತೊಬ್ಬನು ಸೋಮಾರಿತನಕ್ಕೆ ಇಟ್ಟ ಹಾಲೂಟವೆನ್ನುವನು. ಇಬ್ಬರೂ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುವವರು. ಇವರ ವಾದವನ್ನು ತೀರ್ಮಾನಿಸಬೇಕಾದರೆ ನೆರವಿನ ಹಣವನ್ನು ಮಾತ್ರ ನೋಡಿದರೆ ಸಾಲದು. ಸರಕಾರವು ಮೂರು ಕೈಗಳಿಂದ ಪ್ರಜೆಗಳ ಬಾಳನ್ನು ಮುಟ್ಟುವುದು: ಒಂದನೆಯದು ನಾಣ್ಯ, ಎರಡನೆಯದು ತೆರಿಗೆ ಹಾಗೂ ವೆಚ್ಚ, ಮೂರನೆಯದು ನೆರವು. ಒಂದು ಕೈ ಕೊಟ್ಟುದನ್ನು ಇನ್ನೊಂದು ಕೈ ಕಸಿದುಕೊಳ್ಳಬಲ್ಲುದು. ಆದಕಾರಣ ಮೂರನ್ನೂ ಕೂಡಿಸಿಯೇ ವಿಚಾರಿಸತಕ್ಕುದು.

ಮೊದಲು ನಾಣ್ಯದ ವಿಚಾರ. ಹಣವು ಕೆರೆಯ ನೀರಿನಂತೆ. ನೀರು ತಾನೇ ಬೆಳೆಯಲ್ಲ. ಆದರೆ ನೀರಿಲ್ಲದೆ ಬೆಳೆಯಿಲ್ಲ. ತೂಬನ್ನು ಬಿಗಿದರೆ ಗದ್ದೆ ಒಣಗುವುದು. ಕೋಡಿ ಒಡೆದರೆ ಪೈರೂ ಮಣ್ಣೂ ಕೊಚ್ಚಿಹೋಗುವುವು. ತೂಬನ್ನು ಕಾಯುವವನು ನೀರುಗಂಟಿಯು. ಭಾರತ ದೇಶದಲ್ಲಿ ಈ ನೀರುಗಂಟಿಯ ಕೆಲಸವನ್ನು 1935ರ ಏಪ್ರಿಲ್ 1ರಂದು ಆರಂಭವಾಗಿ, 1949ರ ಜನವರಿ 1ರಂದು ರಾಷ್ಟ್ರದ ಸ್ವತ್ತಾದ ರಿಸರ್ವ್ ಬ್ಯಾಂಕು ಮಾಡುತ್ತಿರುವುದು. ತೂಬು ಬಿಗಿದಾಗ ಆದುದೇನು, ಕೋಡಿ ಒಡೆದಾಗ ಆದುದೇನು ಎಂಬುದಕ್ಕೆ ದೂರದ ದೃಷ್ಟಾಂತಗಳು ಬೇಕಿಲ್ಲ. ಈ ದೇಶದಲ್ಲಿಯೇ, ಹದಿನೈದು ವರುಷಗಳ ಅಂತರದೊಳಗೆ, ಎರಡೂ ನಡೆದುಹೋದುವು.

1927ರಲ್ಲಿ ಆಂಗ್ಲ ಸರಕಾರವು ರೂಪಾಯಿಯ ಬೆಲೆಯನ್ನು 1 ಶಿಲ್ಲಿಂಗ್ 6 ಪೆನ್ನಿಗೆ ಕಟ್ಟಿಹಾಕಿತು. 1929ರಲ್ಲಿ ಅಮೆರಿಕದಲ್ಲಿ ತಲೆದೋರಿದ ಆರ್ಥಿಕ ಕುಸಿತವು ಜಗತ್ತನ್ನೆಲ್ಲ ವ್ಯಾಪಿಸಿದಾಗ, ಇಲ್ಲಿಯ ಫಸಲುಗಳ ಬೆಲೆಯು ಕೆಲವೇ ವರುಷಗಳಲ್ಲಿ ಸರಿಸುಮಾರು ಅರ್ಧಕ್ಕೆ ಇಳಿಯಿತು. ಸರಕಾರವು ರೂಪಾಯಿಯ ಕಟ್ಟನ್ನು ಸಡಿಲಿಸಲಿಲ್ಲ. ಆಯವ್ಯಯವನ್ನು ಸರಿತೂಗಿಸಬೇಕೆಂದು ವೆಚ್ಚವನ್ನು ಕಡಿದು ತೆರಿಗೆಗಳನ್ನು ಏರಿಸಿತು. ರೈತನ ಕಂದಾಯವೂ ಸಾಹುಕಾರನ ಬಡ್ಡಿಯೂ ಹಣದ ಲೆಕ್ಕದಲ್ಲಿ ಗೊತ್ತಾದುವು. ಹಿಂದೆ ಒಂದು ಮೂಟೆ ಮಾರಿ ತೀರಿಸುತ್ತಿದ್ದ ಬಾಕಿಗೆ ಈಗ ಎರಡು ಮೂಟೆ ಮಾರಬೇಕಾಯಿತು. ಮಳೆ ಬಂದಿದ್ದಿತು, ಬೆಳೆ ಬಂದಿದ್ದಿತು, ಕಾಯಕದಲ್ಲಿ ಲೋಪವಿರಲಿಲ್ಲ. ಆದರೂ ಮನೆಮನೆಯ ಹೆಣ್ಣುಮಕ್ಕಳ ಮೈಮೇಲಿನ ಬಂಗಾರವು ಮಾರಾಟವಾಗಿ, 1931ರಿಂದ ಹಡಗು ಹಡಗಾಗಿ ಹೊರದೇಶಕ್ಕೆ ಸಾಗಿಹೋಯಿತು. ಇದು ತೂಬು ಬಿಗಿದುದರ ಫಲವು.

ಎರಡನೆಯದು ಇದಕ್ಕಿಂತಲೂ ದಾರುಣವಾದುದು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಪರವಾಗಿ ಇಲ್ಲಿ ನಡೆದ ಅಪಾರ ವೆಚ್ಚಕ್ಕೆ ಪ್ರತಿಯಾಗಿ ಲಂಡನ್ನಿನ ಪುಸ್ತಕಗಳಲ್ಲಿ ಸ್ಟರ್ಲಿಂಗ್ ಲೆಕ್ಕವು ಬೆಳೆಯಿತು. ಇಲ್ಲಿ ನೋಟುಗಳು ಅಚ್ಚಾದುವು. 1939ರಿಂದ 1945ರೊಳಗೆ ಚಲಾವಣೆಯ ನೋಟುಗಳು ಐದು ಮಡಿಗೂ ಮೀರಿ ಹೆಚ್ಚಿದುವು. 1943ರಲ್ಲಿ ಬಂಗಾಳದಲ್ಲಿ ಭೀಕರ ಕ್ಷಾಮವು ತಲೆದೋರಿ 20ರಿಂದ 30 ಲಕ್ಷ ಜನರು ಸತ್ತರೆಂದು ವಿದ್ವಾಂಸರು ಅಂದಾಜುಮಾಡಿರುವರು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನರು 1981ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, 1943ರ ಧಾನ್ಯದ ಮೊತ್ತವು ಹಿಂದಿನ ಐದು ವರುಷಗಳ ಸರಾಸರಿಗಿಂತ ಸುಮಾರು ನೂರಕ್ಕೆ 5ರಷ್ಟು ಮಾತ್ರ ಕಡಮೆಯಾಗಿದ್ದಿತೆಂದೂ, ಕ್ಷಾಮವಿಲ್ಲದ 1941ಕ್ಕಿಂತ ಹೆಚ್ಚೇ ಇದ್ದಿತೆಂದೂ ಲೆಕ್ಕ ತೋರಿಸಿದರು. ಈ ಲೆಕ್ಕವನ್ನು ಒಪ್ಪದ ಪಂಡಿತರೂ ಉಂಟು. ಆದರೆ ಅಕ್ಕಿಯ ಬೆಲೆಯು ಮುಗಿಲಿಗೇರಿದಾಗ ಕೂಲಿಯು ನೆಲದಲ್ಲಿಯೇ ಉಳಿಯಿತೆಂಬುದರಲ್ಲಿ ವಿವಾದವಿಲ್ಲ. ಯುದ್ಧದ ಕೆಲಸಗಳಿಂದ ಹೊಸ ಹಣವು ಯಾರ ಕೈಗೆ ಮೊದಲು ಬಂದಿತೋ ಅವರು ಉಂಡರು. ಭೂಮಿಯಿಲ್ಲದ ಕೂಲಿಯವನೂ ಬೆಸ್ತನೂ ಕೈಯಲ್ಲಿ ದುಡ್ಡು ಹಿಡಿದೇ ಹಸಿದು ಸತ್ತರು. ಅಚ್ಚಾದ ನೋಟು ಯಾವ ಶಾಸನಸಭೆಯೂ ವಿಧಿಸದ ತೆರಿಗೆಯು. ಅದನ್ನು ಮೊದಲು ತೆರುವವನು ಬಡವನು.

ಸ್ವಾತಂತ್ರ್ಯಾನಂತರವೂ ಈ ಪಾಠವು ಮೆಲ್ಲನೆಯೇ ಮನಸ್ಸಿಗೆ ಹತ್ತಿತು. ಬೊಕ್ಕಸವು ಬರಿದಾದಾಗ ಕೇಂದ್ರ ಸರಕಾರವು ತಾನೇ ಬರೆದ ಹುಂಡಿಯನ್ನು ರಿಸರ್ವ್ ಬ್ಯಾಂಕಿಗೆ ಕೊಟ್ಟು ಹಣ ಪಡೆಯುವ ರೂಢಿಯು 1997ರ ವರೆಗೂ ನಡೆದುಬಂದಿತು. 2003ರ ಹಣಕಾಸು ಹೊಣೆಗಾರಿಕೆಯ ಕಾಯಿದೆಯು, 2006ರಿಂದ ಬ್ಯಾಂಕು ಸರಕಾರದ ಹೊಸ ಸಾಲಪತ್ರಗಳನ್ನು ನೇರವಾಗಿ ಕೊಳ್ಳುವುದನ್ನು, ವಿಶೇಷ ಸಂದರ್ಭಗಳ ಹೊರತು, ನಿಲ್ಲಿಸಿತು. 2016ರಲ್ಲಿ ಆರು ಜನರ ಸಮಿತಿಯೊಂದು ಏರ್ಪಟ್ಟು, ಬೆಲೆಯೇರಿಕೆಯನ್ನು ವರುಷಕ್ಕೆ ನೂರಕ್ಕೆ 4ರ ಆಸುಪಾಸಿನಲ್ಲಿ, ಅಂದರೆ 2ಕ್ಕೆ ಇಳಿಯದಂತೆ 6ನ್ನು ಮೀರದಂತೆ, ಇಡಬೇಕೆಂಬ ಕಟ್ಟಳೆಯಾಯಿತು.

ಈ ಸಮಿತಿಯ ಕೈಯಲ್ಲಿರುವ ತೂಬಿನ ಹೆಸರು ರೆಪೊ ದರವು. ಎಂದರೆ ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಕೊಡುವ ಅಲ್ಪಕಾಲದ ಸಾಲದ ಬಡ್ಡಿ. ಮಹಾಮಾರಿಯ ವರ್ಷವಾದ 2020ರ ಮೇ ತಿಂಗಳಲ್ಲಿ ಅದನ್ನು ನೂರಕ್ಕೆ 4ಕ್ಕೆ ಇಳಿಸಿ ತೂಬು ತೆರೆಯಲಾಯಿತು. 2022ರ ಏಪ್ರಿಲಿನಲ್ಲಿ ಬೆಲೆಯೇರಿಕೆಯು 7.79ಕ್ಕೆ ಮುಟ್ಟಲು, ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ಆರು ಸಲ ಬಿಗಿದು 6.5ಕ್ಕೆ ತರಲಾಯಿತು. ಮನೆ ಕಟ್ಟಲು ಸಾಲ ಮಾಡಿದ ಉಪಾಧ್ಯಾಯನ ಕಂತು ಆಗ ಏರಿತು. ಠೇವಣಿಯ ಬಡ್ಡಿಯಿಂದ ಜೀವಿಸುವ ವೃದ್ಧೆಗೆ ತುಸು ಅನುಕೂಲವಾಯಿತು. ತೂಬಿನ ಒಂದು ತಿರುವು ಒಬ್ಬರಿಗೆ ಸುಖ, ಒಬ್ಬರಿಗೆ ಕಷ್ಟ. ಆದರೆ ಬೆಲೆಯೇ ನಿಲ್ಲದೆ ಹೋದರೆ ಇಬ್ಬರಿಗೂ ನೆಲೆಯಿಲ್ಲ.

ಇನ್ನು ಎರಡನೆಯ ಕೈ, ತೆರಿಗೆ ಮತ್ತು ವೆಚ್ಚ. ಬೊಕ್ಕಸವು ಪಾತಾಳಗಂಗೆಯಲ್ಲ, ಪ್ರಜೆಗಳ ಕಾಯಕದಿಂದ ತುಂಬಿದುದು. ತಾನು ತೆರಿಗೆ ಕೊಡುವವನಲ್ಲವೆಂದು ಕೂಲಿಯವನು ತಿಳಿದುಕೊಂಡಿರುವನು. ಕೊಡುವವನು ತಾನೊಬ್ಬನೇ ಎಂದು ವರ್ತಕನು ತಿಳಿದುಕೊಂಡಿರುವನು. ಇಬ್ಬರದೂ ಭ್ರಾಂತಿಯೇ. ವರಮಾನದ ತೆರಿಗೆಯು ಶಕ್ತಿಯನ್ನು ನೋಡಿ ಕೇಳುವುದು. 2017ರ ಜುಲೈ 1ರಿಂದ ದೇಶವೆಲ್ಲ ಒಂದೇ ಆಗಿ ಬಂದ ಸರಕು ಮತ್ತು ಸೇವಾ ತೆರಿಗೆಯು ಮುಖವನ್ನು ನೋಡುವುದಿಲ್ಲ. ಒಂದೇ ಬಗೆಯ ಸಾಬೂನಿಗೆ ಸಾಹುಕಾರನೂ ಜೀತದಾಳಿನ ಮಗನೂ ಅದೇ ದರವನ್ನು ತೆರುವರು. ಆದುದರಿಂದ ಬಡವನಿಗೆ ಬರುವ ನೆರವಿನಲ್ಲಿ ಅವನೇ ತೆತ್ತ ಹಣವೂ ಸೇರಿರುವುದು. ಅದನ್ನು ಭಿಕ್ಷವೆನ್ನುವುದು ಲೆಕ್ಕಕ್ಕೆ ವಿರುದ್ಧವು.

ಇಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ಇರುವ ಭೇದವನ್ನು ಗಮನಿಸತಕ್ಕುದು. ರಾಜ್ಯ ಸರಕಾರಕ್ಕೆ ನಾಣ್ಯದ ಅಧಿಕಾರವಿಲ್ಲ. ಅದು ಬಹುಮಟ್ಟಿಗೆ ದೊಡ್ಡ ಕುಟುಂಬದ ಯಜಮಾನನಂತೆ. ದುಡಿಮೆಯಿಂದಲೋ ಸಾಲದಿಂದಲೋ ಸಂಸಾರ ಸಾಗಿಸಬೇಕು. ಕರ್ನಾಟಕವು 2002ರಲ್ಲಿಯೇ ಹಣಕಾಸು ಹೊಣೆಗಾರಿಕೆಯ ಕಾಯಿದೆಯನ್ನು ಮಾಡಿಕೊಂಡು, ದಿನವಹಿ ವೆಚ್ಚಕ್ಕೆ ಸಾಲ ಮಾಡಬಾರದೆಂಬ ಗುರಿಯನ್ನು ತನಗೆ ತಾನೇ ವಿಧಿಸಿಕೊಂಡ ರಾಜ್ಯವು. 2024–25ನೆಯ ಸಾಲಿನ ಆಯವ್ಯಯದ ಗಾತ್ರವು 3,71,383 ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ ಸುಮಾರು 52,000 ಕೋಟಿ, ಅಂದರೆ ಏಳು ರೂಪಾಯಿಗಳಲ್ಲಿ ಒಂದು. ಅದೇ ಆಯವ್ಯಯದಲ್ಲಿ ದಿನವಹಿ ವೆಚ್ಚವು ವರಮಾನವನ್ನು ಸುಮಾರು 27,000 ಕೋಟಿಯಷ್ಟು ಮೀರುವುದೆಂದು ಸರಕಾರವೇ ಹೇಳಿತು. ಕೆರೆ ಕಟ್ಟಲು, ಶಾಲೆ ಕಟ್ಟಲು ಮಾಡಿದ ಸಾಲವನ್ನು ಮಕ್ಕಳು ಆ ಕೆರೆಯ ನೀರಿನಿಂದ, ಆ ಶಾಲೆಯ ವಿದ್ಯೆಯಿಂದ ತೀರಿಸಿಯಾರು. ಇಂದು ಉಂಡ ಅನ್ನಕ್ಕೆ ಮಾಡಿದ ಸಾಲವನ್ನು ಯಾವುದರಿಂದ ತೀರಿಸಬೇಕು? ಈ ಪ್ರಶ್ನೆಯನ್ನು ಕೇಳುವವನನ್ನು ಬಡವರ ವೈರಿಯೆಂದು ಜರೆಯುವುದು ತರವಲ್ಲ.

ಆದರೆ ಪ್ರಶ್ನೆಯು ಅಲ್ಲಿಗೇ ಮುಗಿಯುವುದಿಲ್ಲ. ಉಂಡ ಅನ್ನವೆಲ್ಲ ಕರಗಿಹೋಗುವುದೆ? ಇಲ್ಲಿಯೇ ಮೂರನೆಯ ಕೈಯ, ಎಂದರೆ ನೆರವಿನ, ವಿಚಾರವು ಬರುವುದು. ಕರ್ನಾಟಕದಲ್ಲಿ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟವು 2002ರಲ್ಲಿ ಮೊದಲು ಉತ್ತರದ ಜಿಲ್ಲೆಗಳಲ್ಲಿ ಆರಂಭವಾಗಿ ಆಮೇಲೆ ನಾಡಿಗೆಲ್ಲ ಹಬ್ಬಿತು. ಸರಕಾರವು ಅದಕ್ಕೆ ಇಟ್ಟ ಹೆಸರು ಅಕ್ಷರ ದಾಸೋಹವೆಂಬುದು. ಮಠಗಳಲ್ಲಿ ಅನ್ನದಾಸೋಹ, ಅಕ್ಷರದಾಸೋಹಗಳೆಂದು ರೂಢಿಯಲ್ಲಿದ್ದ ಮಾತು ರಾಜ್ಯದ ಕಡತವನ್ನು ಸೇರಿತು. ತುತ್ತಿನ ಆಸೆಗೆ ಶಾಲೆಗೆ ಬಂದ ಹುಡುಗಿಯು ಅಕ್ಷರ ಕಲಿತು, ನಾಳೆ ದಾದಿಯೋ ಉಪಾಧ್ಯಾಯಿನಿಯೋ ಆಗಿ ದುಡಿದು, ತಾನೂ ತೆರಿಗೆ ತೆತ್ತಳಾದರೆ, ಆ ಅನ್ನವು ಭಂಡಾರಕ್ಕೆ ಹಿಂದಿರುಗಿದಂತಾಯಿತು. ಬಿಜ್ಜಳನ ಭಂಡಾರವು ಎಣಿಸಿದಾಗ ಪೂರ್ಣವಾಗಿಯೇ ಇದ್ದುದರ ಮರ್ಮವನ್ನು ಈ ಬಗೆಯಲ್ಲಿಯೂ ಭಾವಿಸಬಹುದು.

ಇನ್ನೊಂದು ಸಂಗತಿ. ಬಡವಳ ಕೈಗೆ ಬಂದ 2,000 ರೂಪಾಯಿ ತಿಂಗಳು ತುಂಬುವುದರೊಳಗೆ ಊರಿನ ಸಂತೆಗೆ, ಔಷಧದ ಅಂಗಡಿಗೆ, ಮಕ್ಕಳ ಪುಸ್ತಕಕ್ಕೆ ಹೋಗುವುದು. ಕೆಲಸವಿಲ್ಲದೆ ಮಗ್ಗವೂ ಅಂಗಡಿಯೂ ಮಂಕಾಗಿ ಕುಳಿತ ಕಾಲದಲ್ಲಿ ಇಂಥ ವೆಚ್ಚವು ಕಾಯಕವನ್ನು ಎಬ್ಬಿಸುವುದು. 1930ರ ದಶಕದಲ್ಲಿ ಸರಕಾರವು ಮಾಡದೆ ಬಿಟ್ಟುದು ಇದನ್ನೇ. ಎಲ್ಲ ಕೈಗಳೂ ದುಡಿಯುತ್ತಿದ್ದು ಸರಕು ಸಾಲದ ಕಾಲದಲ್ಲಾದರೋ ಅದೇ ವೆಚ್ಚವು ಬೆಲೆಯನ್ನು ಮಾತ್ರ ಏರಿಸೀತು. 2020ರ ಏಪ್ರಿಲಿನಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿ ಕೂಲಿ ನಿಂತಾಗ, ಸುಮಾರು 80 ಕೋಟಿ ಜನರಿಗೆ ತಲೆಗೆ 5 ಕಿಲೊ ಧಾನ್ಯವನ್ನು ಹೆಚ್ಚಾಗಿ, ಬೆಲೆಯಿಲ್ಲದೆ ಕೊಡಲಾಯಿತು. ನಡೆದು ಊರು ಸೇರಿದವರ ಬವಣೆ ಅಪಾರವಾದರೂ ಬಂಗಾಳದ ಕ್ಷಾಮವು ಮರುಕಳಿಸಲಿಲ್ಲ. 1943ರಲ್ಲಿ ಇಲ್ಲದುದು, 2020ರಲ್ಲಿ ಇದ್ದುದು, ಕಣಜವೂ ಅದನ್ನು ಹಂಚುವ ಕಟ್ಟಳೆಯೂ.

ಹಾಗಾದರೆ ಇಬ್ಬರು ಭಕ್ತರ ವಾದಕ್ಕೆ ತೀರ್ಪೇನು? ದಾಸೋಹದ ಲಕ್ಷಣವೇ ಅದನ್ನು ಹೇಳುವುದು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನು ತಾನೇ ದಾಸನು. ಸುಗ್ಗಿಯಲ್ಲಿ ಭಕ್ತನು ಮಠಕ್ಕೆ ತರುವ ಧಾನ್ಯದ ಚೀಲವು ಅವನ ಕಾಯಕದ್ದಾಗಿರಬೇಕು. ಕದ್ದುದಾಗಲಿ ಕಡ ತಂದುದಾಗಲಿ ಸಲ್ಲದು. ರಾಜ್ಯದ ನೆರವನ್ನೂ ಈ ಒರೆಗಲ್ಲಿಗೇ ಹಚ್ಚಬೇಕು. ನೋಟು ಅಚ್ಚಿಸಿ ಕೊಟ್ಟ ನೆರವು ಪಡೆದವನ ಜೇಬಿನಿಂದಲೇ ಕದ್ದುದು. ತೀರಿಸುವ ದಾರಿಯಿಲ್ಲದ ಸಾಲದಿಂದ ಕೊಟ್ಟುದು ಹುಟ್ಟದ ಮಗುವಿನಿಂದ ಕಡ ತಂದುದು. ಶಕ್ತಿಯರಿತು ತೆಗೆದ ತೆರಿಗೆಯಿಂದ, ಪಡೆದವನ ಕಾಯಕಕ್ಕೆ ಊರುಗೋಲಾಗುವಂತೆ, ಕೊಟ್ಟವರ ಭಾವಚಿತ್ರದ ಆಡಂಬರವಿಲ್ಲದೆ ಕೊಟ್ಟುದು ದಾಸೋಹಕ್ಕೆ ಸಮೀಪವು. ರೋಗಿಗೂ ವೃದ್ಧರಿಗೂ ಊರುಗೋಲಿನ ಲೆಕ್ಕವನ್ನು ಕೇಳಲಾಗದು. ಅವರನ್ನು ಸಲಹುವುದೇ ಸಮಾಜದ ಕಾಯಕವು.

ಭಂಡಾರಿಯು ಲೆಕ್ಕಕ್ಕೆ ಅಂಜಲಿಲ್ಲ. ಅರಸನೂ ಎಣಿಸಿ ನೋಡದೆ ದೂರನ್ನು ನಂಬಲಿಲ್ಲ. ಇಂದು ಪ್ರಜೆಯೇ ಅರಸನು. ನೆರವು ಪಡೆಯುವವನೂ ತೆರಿಗೆ ಕೊಡುವವನೂ ಒಬ್ಬರನ್ನೊಬ್ಬರು ಹಳಿಯುವುದನ್ನು ಬಿಟ್ಟು, ಇಬ್ಬರೂ ಕೂಡಿ ಭಂಡಾರದ ಲೆಕ್ಕವನ್ನು ಕೇಳಿದರೆ, ಹಸಿದವನ ಅನ್ನವೂ ಉಳಿಯುವುದು, ನಾಣ್ಯದ ಬೆಲೆಯೂ ನಿಲ್ಲುವುದು. ಅಂಥ ಸದ್ಬುದ್ಧಿಯನ್ನು ಗುರುಬಸವೇಶನು ಎಲ್ಲರಿಗೂ ಕರುಣಿಸಲಿ.