ಬ್ರೂಸ್ ಇಲ್ಲದ ಆ 12 ದಿನ

ಫಾರ್ಮುಲಾ ಒನ್ ನೋಡೋರಿಗೆ ಪಪ್ಪಾಯ ಬಣ್ಣದ ಮೆಕ್ಲಾರೆನ್ ಕಾರಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಮೆಕ್ಲಾರೆನ್ ಅನ್ನೋದು ಒಬ್ಬ ಮನುಷ್ಯನ ಹೆಸರು ಅಂತ ಎಷ್ಟು ಜನಕ್ಕೆ ಗೊತ್ತು? ಇವತ್ತು ಆ ಮನುಷ್ಯನನ್ನ ನೆನೆಯೋಣ.

ಬ್ರೂಸ್ ಮೆಕ್ಲಾರೆನ್ ಹುಟ್ಟಿದ್ದು 1937ರಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ. ಅಪ್ಪನದು ಗ್ಯಾರೇಜು, ಪೆಟ್ರೋಲ್ ಬಂಕು. ಹುಡುಗನಿಗೆ 9 ವರ್ಷ ಆದಾಗ ಸೊಂಟದ ಕೀಲಿಗೆ ಕಾಯಿಲೆ ಬಂತು. ಓಡಾಡೋ ವಯಸ್ಸಿನಲ್ಲಿ ಸುಮಾರು 2 ವರ್ಷ ಹಾಸಿಗೆ. ಎದ್ದು ನಿಂತಾಗ ಎಡಗಾಲು ಗಿಡ್ಡವಾಗಿತ್ತು. ಆ ಕುಂಟು ಕೊನೆವರೆಗೂ ಹೋಗಲಿಲ್ಲ.

ಅದೇ ಹುಡುಗ 22ನೇ ವಯಸ್ಸಿಗೆ ಅಮೆರಿಕದ ಗ್ರ್ಯಾನ್ ಪ್ರಿ ಗೆದ್ದ. 1963ರಲ್ಲಿ ಇಂಗ್ಲೆಂಡಿನಲ್ಲಿ ಸ್ವಂತ ತಂಡ ಕಟ್ಟಿದರು. 1968ರಲ್ಲಿ ಬೆಲ್ಜಿಯಂನಲ್ಲಿ ತಮ್ಮದೇ ಹೆಸರಿನ ಕಾರು ಓಡಿಸಿ ಗೆದ್ದರು. ಉತ್ತರ ಅಮೆರಿಕದ ಕ್ಯಾನ್-ಆಮ್ ಸರಣಿಯಲ್ಲಂತೂ 1969ರ 11ಕ್ಕೆ 11 ರೇಸೂ ಮೆಕ್ಲಾರೆನ್ ಪಾಲು! ರಸ್ತೆ ಮೇಲೆ ಓಡೋ ಸ್ಪೋರ್ಟ್ಸ್ ಕಾರು ಮಾಡಬೇಕು ಅನ್ನೋ ಆಸೆಯೂ ಇತ್ತು. ಅಂಥದ್ದೊಂದನ್ನ ತಯಾರಿಸಿ, ತಾವೇ ಓಡಿಸಿಕೊಂಡು ತಿರುಗುತ್ತಿದ್ದರು.

1970, ಜೂನ್ 2. ಇಂಗ್ಲೆಂಡಿನ ಗುಡ್‌ವುಡ್ ಟ್ರ್ಯಾಕ್. ಹೊಸ ಕ್ಯಾನ್-ಆಮ್ ಕಾರನ್ನ ಬ್ರೂಸ್ ಟೆಸ್ಟ್ ಮಾಡ್ತಿದ್ದರು. ನೇರ ದಾರಿಯಲ್ಲಿ ಹೋಗುವಾಗ ಕಾರಿನ ಹಿಂಭಾಗದ ಬಾಡಿ ಕಳಚಿಕೊಂಡಿತು. ಗಾಳಿ ಕಾರನ್ನ ನೆಲಕ್ಕೆ ಒತ್ತಿ ಹಿಡಿಯೋದು ಆ ಭಾಗದಿಂದಲೇ. ಅದು ಹೋದ ಕೂಡಲೇ ಹಿಡಿತವೂ ಹೋಯ್ತು. ಕಾರು ಟ್ರ್ಯಾಕಿನ ಪಕ್ಕದ ಕಟ್ಟೆಗೆ ಬಡಿಯಿತು. ಬ್ರೂಸ್ ಅಲ್ಲೇ ತೀರಿಕೊಂಡರು. ವಯಸ್ಸು ಬರೀ 32.

ಯಜಮಾನನೇ ಇಲ್ಲ. ಇನ್ನೊಬ್ಬ ಡ್ರೈವರ್ ಡೆನ್ನಿ ಹಲ್ಮ್ ಅವರ ಕೈಗಳು ಕೆಲವೇ ವಾರಗಳ ಹಿಂದೆ ಇಂಡಿಯಾನಾಪೊಲಿಸ್‌ನಲ್ಲಿ ಬೆಂಕಿಗೆ ಸುಟ್ಟಿದ್ದವು. ಕೆಲಸಗಾರರಿಗೆ, ನಾಳೆ ಬರಬೇಡಿ, ಮನೇಲಿರಿ ಅಂತ ಹೇಳಿದರು. ಮರುದಿನ ಬೆಳಿಗ್ಗೆ ಎಲ್ಲರೂ ಬಂದರು.

ನನಗೆ ಬ್ರೂಸ್ ಅವರ ಎಲ್ಲ ಟ್ರೋಫಿಗಳಿಗಿಂತ ಈ ಬೆಳಿಗ್ಗೆಯೇ ದೊಡ್ಡದು ಅನ್ಸುತ್ತೆ. ಅವರು ಸ್ಪ್ಯಾನರ್ ಹಿಡಿದು ಮೆಕ್ಯಾನಿಕ್‌ಗಳ ಜೊತೆ ಕೆಲಸ ಮಾಡಿದ ಯಜಮಾನ. ಸಂಬಳಕ್ಕಾಗಿ ಬರೋರು ರಜೆ ಅಂದರೆ ಮನೇಲಿರ್ತಾರೆ. ಇದು ನಮ್ಮ ಕೆಲಸ ಅಂದ್ಕೊಂಡೋರು ಮಾತ್ರ, ಅಳು ನುಂಗಿಕೊಂಡಾದರೂ ಬರ್ತಾರೆ.

ಜೂನ್ 14, ಕೆನಡಾದ ಮೊಸ್ಪೋರ್ಟ್. ಕ್ಯಾನ್-ಆಮ್‌ನ ಮೊದಲ ರೇಸು. ಬ್ರೂಸ್ ಜಾಗದಲ್ಲಿ ಗೆಳೆಯ ಡ್ಯಾನ್ ಗರ್ನಿ ಕೂತರು, ಗೆದ್ದರು. ಸುಟ್ಟ ಕೈಗಳಲ್ಲೇ ಸ್ಟಿಯರಿಂಗ್ ಹಿಡಿದ ಹಲ್ಮ್ ಮೂರನೆಯವರಾದರು. ಆ ವರ್ಷದ ಚಾಂಪಿಯನ್ ಪಟ್ಟವೂ ಹಲ್ಮ್‌ಗೇ ಸಿಕ್ಕಿತು.

ರಸ್ತೆ ಕಾರಿನ ಆಸೆ? ಅದಕ್ಕೆ ಇನ್ನೂ 22 ವರ್ಷ ಬೇಕಾಯ್ತು. 1992ರಲ್ಲಿ ಬ್ರೂಸ್ ಹೆಸರು ಹೊತ್ತ ಕಂಪನಿ 'ಮೆಕ್ಲಾರೆನ್ ಎಫ್1' ಕಾರನ್ನ ಜಗತ್ತಿಗೆ ತೋರಿಸಿತು.

ನೀವೂ ಸ್ಟಾರ್ಟಪ್ಪೋ, ನಾಟಕ ತಂಡವೋ, ಏನೋ ಒಂದು ಕಟ್ತಾ ಇರಬಹುದು. ನಾವು ಇಲ್ಲದಿದ್ದರೆ ನಡೆಯಲ್ಲ ಅನ್ನೋದನ್ನ ಹೆಮ್ಮೆ ಅಂದ್ಕೊಳ್ತೀವಿ. ನಾವಿಲ್ಲದ ಮರುದಿನವೂ ಬಾಗಿಲು ತೆಗೆಯೋರು ಇದ್ದಾರಾ? ಯೋಚನೆ ಮಾಡಿ.