ಅಂಗೈಯಲ್ಲಿ ಸಂತೆ: ಮೊಬೈಲ್ ವ್ಯಾಪಾರವೂ ನಮ್ಮ ಹೊಣೆಯೂ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)





ಮೊಬೈಲ್ ಮೂಲಕ ನಡೆಯುವ ಕೊಡುಕೊಳ್ಳುವಿಕೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದ ಕಾರ್ಯದರ್ಶಿಯವರು ನನ್ನನ್ನು ಕೇಳಿದಾಗ ನಾನು ಸ್ವಲ್ಪ ಹಿಂಜರಿದೆ. ನಾನು ಮೂವತ್ತು ವರ್ಷ ವಾಣಿಜ್ಯಶಾಸ್ತ್ರ ಕಲಿಸಿದವನು ನಿಜ. ಆದರೆ ನಾನು ಕಲಿಸಿದ್ದು ಚೆಕ್ಕು, ಹುಂಡಿ, ಜಮಾ-ಖರ್ಚಿನ ಪಾಠ. ಈ ಹೊಸ ವ್ಯಾಪಾರದಲ್ಲಿ ನಿಮ್ಮ ಮುಂದೆ ನಾನೇ ವಿದ್ಯಾರ್ಥಿ. ಅಷ್ಟೇ ಅಲ್ಲ, ಒಮ್ಮೆ ನಪಾಸಾದ ವಿದ್ಯಾರ್ಥಿ. ಆ ಕಥೆಯನ್ನು ಮುಂದೆ ಹೇಳುತ್ತೇನೆ. ಮೊದಲು ಈ ವ್ಯಾಪಾರ ಎಲ್ಲಿಂದ ಬಂತು ಎಂಬುದನ್ನು ನೋಡೋಣ.

ಮೊಬೈಲ್ ವ್ಯಾಪಾರ ಎಂದಕೂಡಲೇ ನಿಮ್ಮ ಕಣ್ಣ ಮುಂದೆ ಬರುವುದು ಬಣ್ಣ ಬಣ್ಣದ ಆ್ಯಪ್‌ಗಳು. ಆದರೆ ಮೊಬೈಲಿನಿಂದ ವ್ಯಾಪಾರಕ್ಕೆ ಆದ ದೊಡ್ಡ ಉಪಕಾರವೊಂದು ಆ್ಯಪ್ ಎಂಬ ಹೆಸರೇ ಇಲ್ಲದ ಕಾಲದಲ್ಲಿ, ನಮ್ಮ ನೆರೆಯ ಕಡಲತೀರದಲ್ಲೇ ಆಯಿತು. ಕೋಝಿಕ್ಕೋಡ್, ಕಣ್ಣೂರು, ಕಾಸರಗೋಡು ಜಿಲ್ಲೆಗಳ ಬೂತಾಯಿ ಮೀನಿನ ವ್ಯಾಪಾರದ ಕಥೆ ಇದು. ಮಲಯಾಳದಲ್ಲಿ ಇದನ್ನೇ ಮತ್ತಿ ಎನ್ನುತ್ತಾರೆ. 1997ರಿಂದ ಕೆಲವೇ ವರ್ಷಗಳಲ್ಲಿ ಮೊದಲು ಕೋಝಿಕ್ಕೋಡ್, ಆಮೇಲೆ ಕಣ್ಣೂರು, ಕೊನೆಗೆ ಕಾಸರಗೋಡು ಕರಾವಳಿಗೆ ಮೊಬೈಲ್ ಬಂತು. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಆ ದಿನಗಳಲ್ಲಿ ಅಲ್ಲಿನ 15 ಕಡಲತೀರದ ಮಾರುಕಟ್ಟೆಗಳ ಲೆಕ್ಕವನ್ನು ವಾರವಾರವೂ ಬರೆಸಿ, 2007ರಲ್ಲಿ ಪ್ರಕಟಿಸಿದರು.

ಮೊಬೈಲಿಗೆ ಮೊದಲು ದೋಣಿಯವರು ಹಿಡಿದ ಮೀನನ್ನು ತಮ್ಮ ಊರಿನ ತೀರಕ್ಕೇ ತರುತ್ತಿದ್ದರು. ಪಕ್ಕದ ತೀರದಲ್ಲಿ ಎಷ್ಟು ಬೆಲೆಯಿದೆ ಎಂದು ತಿಳಿಯುವ ದಾರಿ ಇರಲಿಲ್ಲ. ತಿಳಿಯಲು ಹೋದರೆ ಡೀಸೆಲ್ ಖರ್ಚು. ಅಷ್ಟರಲ್ಲಿ ಮೀನು ಹಾಳು. 1997ರ ಜನವರಿ 14ರಂದು ವಡಗರದ ತೀರದಲ್ಲಿ 11 ದೋಣಿಯವರಿಗೆ ಕೊಳ್ಳುವವರೇ ಸಿಗದೆ ಮೀನನ್ನು ಎಸೆಯಬೇಕಾಯಿತು. ಅದೇ ಬೆಳಿಗ್ಗೆ 15 ಕಿಲೋಮೀಟರ್ ಒಳಗಿನ ಬೇರೆ ತೀರಗಳಲ್ಲಿ 27 ಮಂದಿ ಗಿರಾಕಿಗಳು ಮೀನು ಸಿಗದೆ ಬರಿಗೈಯಲ್ಲಿ ಹೊರಟಿದ್ದರು. ಮೀನೂ ಇತ್ತು, ಕೊಳ್ಳುವವರೂ ಇದ್ದರು. ನಡುವೆ ಒಂದು ಮಾತು ಮಾತ್ರ ಇರಲಿಲ್ಲ.

ಆ ಮಾತನ್ನು ಮೊಬೈಲ್ ತಂದುಕೊಟ್ಟಿತು. ದೋಣಿ ಇನ್ನೂ ಕಡಲಲ್ಲಿರುವಾಗಲೇ ಮೀನುಗಾರರು ತೀರತೀರಕ್ಕೆ ಕರೆ ಮಾಡಿ ಬೆಲೆ ಕೇಳತೊಡಗಿದರು. ಹಿಡಿದ ಮೀನಿನಲ್ಲಿ ನೂರಕ್ಕೆ 5ರಿಂದ 8 ಪಾಲು ವ್ಯರ್ಥವಾಗುತ್ತಿದ್ದುದು ಹೆಚ್ಚುಕಡಿಮೆ ನಿಂತೇ ಹೋಯಿತು. ಮೀನುಗಾರರ ಲಾಭ ಸರಾಸರಿ ಶೇಕಡಾ 8ರಷ್ಟು ಏರಿತು. ಕೊಳ್ಳುವವರಿಗೆ ಬೆಲೆ ಶೇಕಡಾ 4ರಷ್ಟು ಇಳಿಯಿತು. ಮಾರುವವನಿಗೂ ಲಾಭ, ಕೊಳ್ಳುವವನಿಗೂ ಲಾಭ. ವಾಣಿಜ್ಯಶಾಸ್ತ್ರದ ಮೇಷ್ಟರಿಗೆ ಇದಕ್ಕಿಂತ ಸಂತೋಷದ ಲೆಕ್ಕ ಬೇರೆ ಇಲ್ಲ.

ಅಲ್ಲಿ ಮೊಬೈಲ್ ಸಾಗಿಸಿದ್ದು ಸುದ್ದಿಯನ್ನು. ಹಣ ಕೈಯಿಂದ ಕೈಗೇ ಹೋಗುತ್ತಿತ್ತು. ಹಣವನ್ನೇ ಮೊಬೈಲಿನಲ್ಲಿ ಸಾಗಿಸುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ಆಫ್ರಿಕಾದ ಕೀನ್ಯಾ ದೇಶ. 2007ರ ಮಾರ್ಚಿಯಲ್ಲಿ ಸಫಾರಿಕಾಮ್ ಎಂಬ ದೂರವಾಣಿ ಕಂಪೆನಿ ಅಲ್ಲಿ ಎಂ-ಪೆಸಾ ಎಂಬ ಸೇವೆಯನ್ನು ಆರಂಭಿಸಿತು. ಅವರ ಸ್ವಾಹಿಲಿ ಭಾಷೆಯಲ್ಲೂ ಪೆಸಾ ಎಂದರೆ ಹಣ. ನಮ್ಮ ಪೈಸೆಗೂ ಅದಕ್ಕೂ ಇರುವ ನಂಟನ್ನು ಬೇರೆ ಹೇಳಬೇಕಾಗಿಲ್ಲ.

ನೈರೋಬಿಯಲ್ಲಿ ದುಡಿಯುವವನು ಹಳ್ಳಿಯಲ್ಲಿರುವ ತಾಯಿಗೆ ಹಣ ಕಳಿಸಬೇಕಾದರೆ ಮೊದಲು ಬಸ್ಸಿನವನ ಕೈಯಲ್ಲೋ ಊರಿಗೆ ಹೋಗುವ ಗೆಳೆಯನ ಕೈಯಲ್ಲೋ ಕೊಡಬೇಕಿತ್ತು. ಗಲ್ಫಿನಿಂದ ಊರಿಗೆ ಬರುವವರ ಕೈಯಲ್ಲಿ ಹಣ ಕೊಟ್ಟು ಕಳಿಸಿದ ದಿನಗಳು ನಮ್ಮ ಹಿರಿಯರಿಗೆ ನೆನಪಿದೆ. ಎಂ-ಪೆಸಾ ಬಂದ ಮೇಲೆ ಬೀದಿ ಬದಿಯ ಏಜೆಂಟನ ಅಂಗಡಿಯಲ್ಲಿ ನಗದು ಕೊಟ್ಟರೆ ಅದು ಫೋನಿನ ಲೆಕ್ಕಕ್ಕೆ ಜಮೆಯಾಗುತ್ತದೆ. ಪಿನ್ ಒತ್ತಿ ಕಳಿಸಿದರೆ ತಾಯಿಯ ಫೋನಿಗೆ ಸಂದೇಶ ಬರುತ್ತದೆ. ಆಕೆ ತನ್ನ ಹಳ್ಳಿಯ ಅಂಗಡಿಯಲ್ಲಿ ಅದನ್ನು ನಗದು ಮಾಡಿಕೊಳ್ಳುತ್ತಾಳೆ. ಬ್ಯಾಂಕ್ ಖಾತೆ ಬೇಡ, ದುಬಾರಿ ಫೋನೂ ಬೇಡ. ತವ್ನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ಎಂಬ ಇಬ್ಬರು ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಈ ಸೇವೆಯಿಂದ ಕೀನ್ಯಾದ ಸುಮಾರು 1,94,000 ಕುಟುಂಬಗಳು ಬಡತನದಿಂದ ಮೇಲೆ ಬಂದವು. ಸುಮಾರು 1,85,000 ಮಹಿಳೆಯರು ಬೇಸಾಯ ಬಿಟ್ಟು ವ್ಯಾಪಾರವನ್ನು ಮುಖ್ಯ ಕಸುಬಾಗಿ ಮಾಡಿಕೊಂಡರು. ಇಲ್ಲಿ ಕುಳಿತಿರುವ ಹೆಣ್ಣುಮಕ್ಕಳು ಈ ಎರಡನೆಯ ಅಂಕಿಯನ್ನು ಗಮನಿಸಬೇಕು.

ಇನ್ನು ನಮ್ಮ ದೇಶಕ್ಕೆ ಬರೋಣ. 2010ರಲ್ಲೇ ಮೊಬೈಲಿನಿಂದ ತಕ್ಷಣ ಹಣ ಕಳಿಸುವ ಐಎಂಪಿಎಸ್ ಆರಂಭವಾಗಿತ್ತು. 2016ರ ಏಪ್ರಿಲಿನಲ್ಲಿ ಯುಪಿಐ ಬಂತು. ಅದೇ ವರ್ಷದ ನವೆಂಬರಿನಲ್ಲಿ ನೋಟು ರದ್ದಾದಾಗ ಚಿಲ್ಲರೆ ಅಂಗಡಿಗಳವರೂ ಇದರತ್ತ ನೋಡಿದರು. 2025ರ ಆಗಸ್ಟ್ ತಿಂಗಳೊಂದರಲ್ಲೇ ಯುಪಿಐ ಮೂಲಕ 2,000 ಕೋಟಿಗೂ ಹೆಚ್ಚು ಪಾವತಿಗಳು ನಡೆದವು. ಬರೀ ಗುಂಡಿ ಒತ್ತುವ ಸಾಮಾನ್ಯ ಫೋನಿನವರಿಗಾಗಿಯೂ 2022ರ ಮಾರ್ಚಿಯಲ್ಲಿ ರಿಸರ್ವ್ ಬ್ಯಾಂಕ್ ಒಂದು ವ್ಯವಸ್ಥೆಯನ್ನು ಆರಂಭಿಸಿತು.

ಇದು ನಡೆಯುವ ಕ್ರಮವನ್ನು ತಿಳಿದಿರಿ. ನಿಮ್ಮ ಹಣ ಆ್ಯಪ್‌ನಲ್ಲಿ ಇರುವುದಿಲ್ಲ, ಬ್ಯಾಂಕಿನಲ್ಲಿಯೇ ಇರುತ್ತದೆ. ಆ್ಯಪ್ ಎಂಬುದು ಆಜ್ಞೆಯನ್ನು ಒಯ್ಯುವ ಆಳು ಮಾತ್ರ. ಆಜ್ಞೆ ನಿಮ್ಮ ಸಿಮ್ ಇರುವ ಫೋನಿನಿಂದಲೇ ಬಂತೇ, ಪಿನ್ ಸರಿಯಾಗಿದೆಯೇ ಎಂಬ ಎರಡು ಪ್ರಶ್ನೆಗಳನ್ನು ವ್ಯವಸ್ಥೆ ಕೇಳುತ್ತದೆ. ಎರಡಕ್ಕೂ ಉತ್ತರ ಸರಿಯಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಣ ಹೋಗಿಬಿಡುತ್ತದೆ. ಎದುರಿಗಿರುವವನು ಒಳ್ಳೆಯವನೇ ಕೆಟ್ಟವನೇ ಎಂಬ ಮೂರನೆಯ ಪ್ರಶ್ನೆಯನ್ನು ಕೇಳಬೇಕಾದವರು ನಾವೇ.

ನಾನು ನಪಾಸಾದದ್ದು ಇಲ್ಲಿಯೇ.

ಕೆಲವು ವರ್ಷಗಳ ಹಿಂದೆ ಮನೆಯ ಹಳೆಯ ಮರದ ಕಪಾಟೊಂದನ್ನು ಮಾರಲು ಅದರ ಚಿತ್ರವನ್ನು ಮೊಬೈಲಿನಲ್ಲಿ ಹಾಕಿದ್ದೆ. ಒಬ್ಬಾತ ಕರೆ ಮಾಡಿ, ನಾನು ಹೇಳಿದ 6,000 ರೂಪಾಯಿಗೆ ಒಂದೇ ಮಾತಿನಲ್ಲಿ ಒಪ್ಪಿಕೊಂಡ. ನಮ್ಮ ಊರಿನಲ್ಲಿ ಚೌಕಾಸಿ ಮಾಡದ ಗಿರಾಕಿಯೇ? ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಆತ ಒಂದು ಕ್ಯೂಆರ್ ಚಿತ್ರ ಕಳಿಸಿ, "ಸಾರ್, ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ, ಹಣ ನಿಮ್ಮ ಖಾತೆಗೆ ಬಂದು ಬೀಳುತ್ತದೆ" ಎಂದ. ನಾನು ಹಾಕಿದೆ. ನನ್ನ ಖಾತೆಯಿಂದ 6,000 ರೂಪಾಯಿ ಹೋಯಿತು. "ತಪ್ಪಾಗಿದೆ ಸಾರ್, ಇನ್ನೊಮ್ಮೆ ಹಾಕಿ, ಎರಡೂ ಒಟ್ಟಿಗೆ ಬರುತ್ತದೆ" ಎಂದ. ಇನ್ನೊಮ್ಮೆಯೂ ಹಾಕಿದೆ. ಒಟ್ಟು 12,000 ರೂಪಾಯಿ ಹೋಯಿತು. ಕಪಾಟು ಇಂದಿಗೂ ನಮ್ಮ ಮನೆಯಲ್ಲೇ ಇದೆ.

ಹಣ ಹೋದದ್ದಕ್ಕಿಂತ ದೊಡ್ಡ ತಪ್ಪನ್ನು ನಾನು ಮಾಡಿದ್ದು ಆಮೇಲೆ. ನಾಚಿಕೆಯಿಂದ ಮೂರು ದಿನ ಯಾರಿಗೂ ಹೇಳಲಿಲ್ಲ. ವಾಣಿಜ್ಯಶಾಸ್ತ್ರದ ಮೇಷ್ಟರೇ ಮೋಸಹೋದರು ಎಂದು ಜನ ನಗುತ್ತಾರೆಂಬ ಭಯ. ಕೊನೆಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿದೆ. ಅವನು ನಗಲಿಲ್ಲ. "ಸಾರ್, ಹಣ ಪಡೆಯುವವರು ಯಾರಾದರೂ ತಾವೇ ಚೆಕ್ ಬರೆದುಕೊಡುತ್ತಾರೆಯೇ? ಈ ಪಾಠ ನಮಗೆ ಹೇಳಿದವರು ನೀವೇ ಅಲ್ಲವೇ? ಪಿನ್ ಎಂದರೆ ಚೆಕ್ಕಿನ ಮೇಲಿನ ಸಹಿ" ಎಂದ. ಮತ್ತೆ ಮೆಲ್ಲಗೆ ಒಂದು ಮಾತು ಸೇರಿಸಿದ: "ಮೊದಲ ಗಂಟೆಯಲ್ಲೇ ಹೇಳಿದ್ದರೆ ಏನಾದರೂ ಮಾಡಬಹುದಿತ್ತು."

ವಿದ್ಯಾರ್ಥಿಗಳೇ, ಹಣ ಕೊಡಲು ಪಿನ್ ಬೇಕು. ಹಣ ಪಡೆಯಲು ಪಿನ್ ಬೇಡ. ಇದನ್ನು ಇಂದು ಮನೆಗೆ ಹೋಗಿ ನಿಮ್ಮ ಅಜ್ಜ ಅಜ್ಜಿಯರಿಗೆ ಬಾಯಿಪಾಠ ಮಾಡಿಸಿ. ಮೋಸವಾದರೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಕೈಯಿಂದ ಕೈಗೆ ಹೋಗುವ ಮೊದಲೇ ಅದನ್ನು ತಡೆಹಿಡಿಯುವ ಪ್ರಯತ್ನ ಮಾಡುತ್ತಾರೆ. ನಮ್ಮ ಅಜಾಗ್ರತೆಯಿಂದ ನಷ್ಟವಾದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತು. ಹಾಗಾಗಿ ನಾಚಿಕೆಪಟ್ಟು ಸುಮ್ಮನಿದ್ದರೆ ಅದರಿಂದ ಲಾಭವಾಗುವುದು ಕಳ್ಳನಿಗೆ ಮಾತ್ರ. ಮನೆಯ ಹಿರಿಯರು ಮೋಸಹೋದರೆ ದಯವಿಟ್ಟು ಗದರಬೇಡಿ. ಗದರಿದರೆ ಮುಂದಿನ ಸಲ ಅವರು ನಿಮಗೆ ಹೇಳುವುದೇ ಇಲ್ಲ.

ಅಂಗಡಿ ಇಟ್ಟಿರುವ ನಮ್ಮ ಸಹೋದರರಿಗೆ ಎರಡು ಮಾತು. ಗಿರಾಕಿ ತನ್ನ ಫೋನು ತೋರಿಸಿ "ಹಣ ಹಾಕಿದ್ದೇನೆ" ಎಂದರೆ ಸಾಲದು. ಅಂಥ ಚಿತ್ರವನ್ನು ಸುಳ್ಳಾಗಿಯೂ ಸೃಷ್ಟಿಸಬಹುದು. ನಿಮ್ಮ ಫೋನಿಗೆ ಸಂದೇಶ ಬಂದಿದೆಯೇ ನೋಡಿ. ಗೋಡೆಗೆ ಅಂಟಿಸಿದ ಕ್ಯೂಆರ್ ಮೇಲೆ ಬೇರೆ ಯಾರಾದರೂ ತಮ್ಮದನ್ನು ಅಂಟಿಸಿದ್ದಾರೆಯೇ ಎಂದು ಬೆಳಿಗ್ಗೆ ಅಂಗಡಿ ತೆರೆದಾಗಲೇ ಪರೀಕ್ಷಿಸಿ.

ಎರಡನೆಯದು ಲೆಕ್ಕದ ವಿಷಯ. 2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟನ್ನು ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ್ದು ನಿಮಗೆ ನೆನಪಿರಬಹುದು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು ಕ್ಯೂಆರ್ ಕಿತ್ತುಹಾಕಿ "ನಗದು ಮಾತ್ರ" ಎಂದು ಬರೆದರು. ಹಳೆಯ ಬಾಕಿಗೆ ಪಟ್ಟು ಹಿಡಿಯುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಮುಖ್ಯಮಂತ್ರಿಯವರು ಭರವಸೆ ಕೊಟ್ಟ ಮೇಲೆ ವಿಷಯ ತಣ್ಣಗಾಯಿತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ಒದಗಿಸುವವರದು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಬರೀ ಹಾಲು, ತರಕಾರಿಯಂತಹ ತೆರಿಗೆ ಇಲ್ಲದ ವಸ್ತು ಮಾರುವವರಿಗೆ ಇದು ಬೇಡ. ಇಷ್ಟು ತಿಳಿದಿದ್ದರೆ ಅನೇಕರ ನಿದ್ದೆ ಕೆಡುತ್ತಿರಲಿಲ್ಲ. ತಮ್ಮನಿಂದ ಪಡೆದ ಕೈಸಾಲವೂ ವ್ಯಾಪಾರದ ಹಣವೂ ಒಂದೇ ಖಾತೆಗೆ ಬಂದರೆ ಆಮೇಲೆ ಬಿಡಿಸಿ ತೋರಿಸುವುದು ಕಷ್ಟ. ಅಂಗಡಿಗೆ ಬೇರೆ ಖಾತೆ, ಮನೆಗೆ ಬೇರೆ ಖಾತೆ ಇಡಿ. ಪ್ರತಿದಿನ ಲೆಕ್ಕ ಬರೆಯಿರಿ.

ಕೊಳ್ಳುವವರಿಗೂ ಹಕ್ಕುಗಳಿವೆ. 2020ರ ಇ-ಕಾಮರ್ಸ್ ನಿಯಮಗಳಂತೆ ಮಾರುವವರ ವಿವರ, ವಸ್ತು ತಯಾರಾದ ದೇಶ, ಹಿಂದಿರುಗಿಸುವ ಷರತ್ತು ಇವನ್ನೆಲ್ಲ ತೋರಿಸಬೇಕು. ದೂರು ಕೊಟ್ಟರೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಸಿಗಬೇಕು. ಇಲ್ಲವಾದರೆ 1915 ಗ್ರಾಹಕ ಸಹಾಯವಾಣಿ ಇದೆ. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, "ಇನ್ನು ಎರಡೇ ಉಳಿದಿವೆ" ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೊನೆಯ ಕ್ಷಣದಲ್ಲಿ ಹೊಸ ಶುಲ್ಕ ಹಾಕುವುದು, ಇಂತಹ 13 ಬಗೆಯ ತಂತ್ರಗಳನ್ನು 2023ರ ನವೆಂಬರಿನ ಮಾರ್ಗಸೂಚಿ ನಿಷೇಧಿಸಿದೆ. ಉಭಯತರ ಒಪ್ಪಿಗೆ ಇಲ್ಲದೆ ವ್ಯಾಪಾರವಿಲ್ಲ ಎಂದು ಮದ್ರಸದಲ್ಲಿ ಓದಿದ ನಮಗೆ ಇದು ಹೊಸ ಮಾತಲ್ಲ. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿಯವರು ಕೈ ಹಾಕಿದಾಗ ಒಳಗೆ ತೇವ ತಾಗಿದ ಘಟನೆಯೂ ನಿಮಗೆ ಗೊತ್ತಿದೆ. ಮೊಬೈಲಿನಲ್ಲಿ ಗಿರಾಕಿಗೆ ರಾಶಿಯೊಳಗೆ ಕೈ ಹಾಕುವ ಅವಕಾಶವೇ ಇಲ್ಲ. ಆದ್ದರಿಂದ ನಮ್ಮ ಹೆಣ್ಣುಮಕ್ಕಳು ಮನೆಯಲ್ಲಿ ಮಾಡಿದ ಉಪ್ಪಿನಕಾಯಿಯನ್ನೋ ಕಸೂತಿಯನ್ನೋ ಮೊಬೈಲಿನಲ್ಲಿ ಮಾರುವಾಗ ಇರುವುದನ್ನು ಇದ್ದಂತೆ ತೋರಿಸಲಿ. ಕುಂದಿದ್ದರೆ ಮೊದಲೇ ಹೇಳಲಿ. ಆ ಗಿರಾಕಿ ಮತ್ತೆ ಬಂದೇ ಬರುತ್ತಾನೆ.

ಕೊನೆಯದಾಗಿ ಸಂಘಕ್ಕೆ ನನ್ನದೊಂದು ವಿನಂತಿ. ಪ್ರತಿ ತಿಂಗಳು ಒಂದು ಭಾನುವಾರ ನಮ್ಮ ಕಚೇರಿಯಲ್ಲಿ ಇಬ್ಬರು ಕಾಲೇಜು ವಿದ್ಯಾರ್ಥಿಗಳು ಎರಡು ಗಂಟೆ ಕುಳಿತಿರಲಿ. ಮೀನು ಮಾರುವವರು, ಬೀಡಿ ಕಟ್ಟುವ ತಾಯಂದಿರು, ಪಿಂಚಣಿದಾರರು ತಮ್ಮ ಫೋನು ಹಿಡಿದು ಬಂದು ಕೇಳಲಿ. ನಾನೂ ಬರುತ್ತೇನೆ. ಕಲಿಸಲಿಕ್ಕಲ್ಲ, ಮೊದಲ ಬೆಂಚಿನಲ್ಲಿ ಕುಳಿತು ಕಲಿಯಲು. ಅಂದು ವಡಗರದ ತೀರದಲ್ಲಿ ಮೀನು ಕೊಳೆತದ್ದು ಒಂದು ಮಾತು ತಲುಪದ ಕಾರಣ. ಇಂದು ಆ ಮಾತು ನಿಮಗೆ ಗೊತ್ತಿದೆ, ಪಕ್ಕದ ಮನೆಯವರಿಗೆ ಗೊತ್ತಿಲ್ಲ. ಅದನ್ನು ತಲುಪಿಸುವ ಕೆಲಸ ನಿಮ್ಮದು.

 ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರಕತ್ ನೀಡಲಿ.