ಊಟ ಬಲ್ಲವರ ಮನೆ



‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ನೀವು ಶಾಲೆಯಲ್ಲಿ ಒಮ್ಮೆಯಾದರೂ ವಿಸ್ತರಿಸಿ ಬರೆದಿರುತ್ತೀರಿ. ಮಿತವಾಗಿ ತಿನ್ನಬೇಕು ಎಂದು ಬರೆದರೆ ಅಂಕ ಸಿಗುತ್ತದೆ. ಆದರೆ ಗಾದೆಯಲ್ಲಿರುವ ಪದ ‘ಬಲ್ಲವನು’ ಎಂದು. ತಟ್ಟೆಗೆ ಬಂದದ್ದು ಯಾವ ನೆಲದಿಂದ ಬಂತು, ಹೇಗೆ ಬೆಂದಿತು, ಯಾರ ಕೈಯಿಂದ ಬಂತು ಎಂದು ತಿಳಿದವನು ಊಟ ಬಲ್ಲವನು. ಈ ಅರ್ಥವನ್ನು ಮುಂದಿಟ್ಟುಕೊಂಡು, ನಾನು ಹುಟ್ಟಿ ಬೆಳೆದ ಸೀಮೆಯ ಊಟದ ಬಗ್ಗೆ, ಹೋಟೆಲಿನದು ಮತ್ತು ಮನೆಯದು ಎರಡರ ಬಗ್ಗೆಯೂ, ಇಂದು ನಿಮ್ಮೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ - ಇವೆಲ್ಲ 2007ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದ ತಾಲ್ಲೂಕುಗಳು. ಆ ವರ್ಷ ಚಿಕ್ಕಬಳ್ಳಾಪುರವೇ ಜಿಲ್ಲೆಯಾಯಿತು. ನಂದಿಬೆಟ್ಟದ ಸುತ್ತಮುತ್ತ ಹಲವು ನದಿಗಳು ಹುಟ್ಟುತ್ತವೆ. ಆದರೆ ವರ್ಷವಿಡೀ ನೀರು ಹರಿಯುವ ನದಿ ಒಂದೂ ಇಲ್ಲ. ಹಿಂದೆ ಕೆರೆಗಳಿದ್ದವು, ಆಮೇಲೆ ಕೊಳವೆ ಬಾವಿಗಳು ಬಂದವು. ಇಲ್ಲಿನ ಊಟವನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಸಂಗತಿ ಸಾಕು. ರಾಗಿ, ಅವರೆ, ತೊಗರಿ, ಹುರುಳಿ, ಕಡಲೆಕಾಯಿ ಮಳೆ ನಂಬಿದ ಬೆಳೆಗಳು. ದ್ರಾಕ್ಷಿ, ಟೊಮೆಟೊ, ಹೂವು, ಹಿಪ್ಪುನೇರಳೆ ಕೊಳವೆ ಬಾವಿಯ ಬೆಳೆಗಳು. ಸ್ಥೂಲವಾಗಿ ಹೇಳುವುದಾದರೆ, ಮಳೆಯದು ಮನೆಯ ಮಡಕೆಗೆ ಹೋಯಿತು, ಕೊಳವೆ ಬಾವಿಯದು ಮಾರುಕಟ್ಟೆಗೆ ಹೋಯಿತು. ಮಾರುಕಟ್ಟೆಗೆ ಹೋದ ರೈತ ಜೇಬಿನಲ್ಲಿ ಹಣ ಇಟ್ಟುಕೊಂಡು ಹೋಟೆಲಿನ ಮುಂದೆ ನಿಂತ. ಹೊರಗೆ ಊಟ ಮಾಡುವ ಅಭ್ಯಾಸ ನಮ್ಮಲ್ಲಿ ಬೆಳೆದದ್ದು ಬಹುಮಟ್ಟಿಗೆ ಹೀಗೆ.

ಶಿಡ್ಲಘಟ್ಟದಲ್ಲಿ ಇದು ಎದ್ದು ಕಾಣುತ್ತದೆ. ರಾಮನಗರದಂತೆ ಇಲ್ಲಿಯೂ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಯಿದೆ. ಗೂಡು ಮಾರುವ ದಿನದ ಹಿಂದೆ ಸುಮಾರು ಒಂದು ತಿಂಗಳ ದುಡಿಮೆಯಿರುತ್ತದೆ. ನಮ್ಮದೂ ಹುಳು ಸಾಕುವ ಮನೆ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ‘ಜ್ವರ’ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳು ಉಳಿದ ಒಂದು ವಾರದಲ್ಲಿ, ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ತಿಂದು ಮುಗಿಸುತ್ತದೆ. ರಾತ್ರಿ ಮಲಗಿದರೆ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಅವು ತಿನ್ನುವ ಸದ್ದು ಕೇಳುತ್ತಿರುತ್ತದೆ. ಆ ವಾರ ಮನೆಯಲ್ಲಿ ಮೊದಲ ಪಂಕ್ತಿ ಹುಳುವಿನದು, ಮನುಷ್ಯರದು ಆಮೇಲೆ. ಅಮ್ಮ ಸೊಪ್ಪು ಹಾಕಿ ಎದ್ದು ಬಂದು ಒಲೆ ಹಚ್ಚುವಷ್ಟರಲ್ಲಿ ಮತ್ತೆ ಸೊಪ್ಪು ಹಾಕುವ ಹೊತ್ತಾಗಿರುತ್ತಿತ್ತು. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಟ್ಟ ಮೇಲೆಯೇ ಆಕೆ ಬೆನ್ನು ನೆಟ್ಟಗೆ ಮಾಡುತ್ತಿದ್ದದ್ದು.

ಗೂಡು ಮಾರಿದ ದಿನ ಅಪ್ಪ ಎಲ್ಲರನ್ನೂ ಪೇಟೆಗೆ ಕರೆಸಿಕೊಳ್ಳುತ್ತಿದ್ದರು. ಧಾರಣೆ ಚೆನ್ನಾಗಿದ್ದರೆ ಜಾಮೂನು, ಮಸಾಲೆ ದೋಸೆ, ಕಾಫಿ. ಧಾರಣೆ ಬಿದ್ದಿದ್ದರೆ ಜಾಮೂನು ಇಲ್ಲ, ದೋಸೆ ಮಾತ್ರ. ದೋಸೆ ತಪ್ಪಿದ್ದಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ತಿಂಡಿಪ್ರಿಯರು. ಯಾವ ಹೋಟೆಲಿನ ಚಟ್ನಿಯಲ್ಲಿ ಹುರಿಗಡಲೆ ಹೆಚ್ಚು, ಯಾವುದರಲ್ಲಿ ತೆಂಗಿನಕಾಯಿ ಹೆಚ್ಚು ಎಂದು ಬಸ್ಸಿನಲ್ಲಿ ಊರಿಗೆ ಮರಳುವವರೆಗೂ ಚರ್ಚೆ ನಡೆಯುತ್ತಿತ್ತು. ಒಮ್ಮೆ ನಾನು ಅಮ್ಮನನ್ನು, “ನಿನಗೆ ಹೋಟೆಲಿನ ದೋಸೆ ಅಷ್ಟು ಇಷ್ಟವೇನಮ್ಮಾ?” ಎಂದು ಕೇಳಿದೆ. ಅಮ್ಮ ಹೇಳಿದ್ದು ಇಷ್ಟೇ: “ಮನೇಲಿ ಎಲ್ಲರಿಗೂ ಹುಯ್ದು ಮುಗಿಸೋ ಹೊತ್ತಿಗೆ ನನ್ನ ಹಸಿವೇ ಸತ್ತಿರುತ್ತೆ. ಇಲ್ಲಿ ಕೂತ ಕಡೆಗೇ ಬರುತ್ತಲ್ಲಪ್ಪಾ.”

ಈ ಮಾತನ್ನು ಇಲ್ಲಿಗೇ ನಿಲ್ಲಿಸಿ, ದೋಸೆಯ ವಿಷಯವನ್ನು ಸ್ವಲ್ಪ ನೋಡೋಣ. ಹೋಟೆಲಿನ ದೋಸೆ ಮನೆಯಲ್ಲಿ ಏಕೆ ಹಾಗೆ ಬರುವುದಿಲ್ಲ? ಸೋಡಾ ಹಾಕುತ್ತಾರೆ, ಇನ್ನೇನೋ ಬೆರೆಸುತ್ತಾರೆ ಎಂದು ಜನ ಹೇಳುವುದುಂಟು. ಮುಖ್ಯ ಕಾರಣ ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ. ಹೋಟೆಲಿನ ಕಾವಲಿ ದಪ್ಪ ಕಬ್ಬಿಣದ್ದು, ಬೆಳಗಿನ ಜಾವದಿಂದ ಕಾದದ್ದು. ಅಷ್ಟು ಭಾರದ ಕಬ್ಬಿಣ ಹಿಡಿದಿಟ್ಟುಕೊಂಡ ಶಾಖ ದೊಡ್ಡದು. ತಣ್ಣನೆಯ ಹಿಟ್ಟು ಬಿದ್ದರೂ ಕಾವು ಇಳಿಯುವುದಿಲ್ಲ. ಮನೆಯ ತೆಳುವಾದ ಕಾವಲಿಗೆ ಒಂದು ಸೌಟು ಹಿಟ್ಟು ಬಿದ್ದರೆ ಅದರ ಕಾವೇ ಅರ್ಧ ಹೋಗುತ್ತದೆ. ಭಟ್ಟರು ನೀರು ಚಿಮುಕಿಸಿ ಪೊರಕೆಯಿಂದ ಗುಡಿಸುವುದೂ ಬರಿಯ ಶುಚಿಗಾಗಿ ಅಲ್ಲ. ಮೇಲ್ಮೈ ಒಂದು ಗಳಿಗೆ ತಣಿದರೆ ಹಿಟ್ಟು ಅಂಟಿಕೊಳ್ಳದೆ ತೆಳ್ಳಗೆ ಹರಡುತ್ತದೆ, ಅಷ್ಟರಲ್ಲಿ ಒಳಗಿನ ಶಾಖ ಮೇಲಕ್ಕೆ ಬಂದು ಗರಿಗರಿ ಮಾಡುತ್ತದೆ. ಇನ್ನು ಆ ಕೆಂಬಣ್ಣ. ಹಿಟ್ಟಿನಲ್ಲಿರುವ ಸಕ್ಕರೆಯ ಅಂಶವೂ ಪ್ರೋಟೀನಿನ ಅಂಶವೂ ಹೆಚ್ಚು ಬಿಸಿಯಲ್ಲಿ ಕೂಡಿದಾಗ ಬಣ್ಣವೂ ಘಮವೂ ಹುಟ್ಟುತ್ತವೆ. ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದರು. ಅಕ್ಕಿ, ಉದ್ದಿನ ಜೊತೆ ಒಂದು ಹಿಡಿ ಕಡಲೆಬೇಳೆ, ಒಂದು ಚಮಚ ಮೆಂತ್ಯ ನೆನೆಹಾಕುವ ನಮ್ಮ ಅಡುಗೆಯವರಿಗೆ ಅವರ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಆದ್ದರಿಂದ ದೋಸೆಯನ್ನು ಹೋಟೆಲಿನಲ್ಲಿ ತಿನ್ನುವುದರಲ್ಲಿ ತಪ್ಪೇನೂ ಇಲ್ಲ. ಮಿಲಿಟರಿ ಹೋಟೆಲಿನ ಮುದ್ದೆ ಮತ್ತು ನಾಟಿ ಕೋಳಿ ಸಾರಿಗೂ ಇದೇ ಮಾತು. ದೊಡ್ಡ ಪಾತ್ರೆಯಲ್ಲಿ ನಿಧಾನವಾಗಿ ಬೆಂದ ಸಾರಿನ ಗುಣವೇ ಬೇರೆ. ಹೋಟೆಲು ನಮ್ಮ ಮನೆಗೆ ಕಲಿಸಿದ್ದೂ ಉಂಟು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದೆವೆಂದು ಬೆಂಗಳೂರಿನ ಮಾವಳ್ಳಿ ಟಿಫನ್ ರೂಮ್ಸ್‌ನವರು ಹೇಳಿಕೊಂಡು ಬಂದಿದ್ದಾರೆ. ಇಂದು ರವೆ ಇಡ್ಲಿ ಮಾಡದ ಮನೆ ಯಾವುದಿದೆ? ಗೌರಿಬಿದನೂರಿನಿಂದ ಆಚೆಗೆ ಸ್ವಲ್ಪ ದೂರ ಹೋದರೆ ಆಂಧ್ರದ ಹಿಂದೂಪುರ. ಗಡಿಯ ಆ ಕಡೆ ಮುದ್ದೆಯನ್ನು ಸಂಗಟಿ ಎನ್ನುತ್ತಾರೆ. ಈ ಕಡೆಯ ಅನೇಕ ಮನೆಗಳಲ್ಲೂ ಹಾಗೆಯೇ ಎನ್ನುತ್ತಾರೆ. ಕಡಲೆಕಾಯಿ ಬೀಜದ ಚಟ್ನಿ ಎರಡೂ ಕಡೆಯದು. ನಾಲಿಗೆಗೆ ರಾಜ್ಯದ ಗಡಿ ಗೊತ್ತಿಲ್ಲ.

ಆದರೆ ಯಾವ ಹೋಟೆಲೂ ಸುಲಭವಾಗಿ ಕೊಡಲಾರದ ಊಟವೊಂದು ನಮ್ಮ ಸೀಮೆಯಲ್ಲಿದೆ. ಅದು ಬೆರಕೆ ಸೊಪ್ಪಿನ ಸಾರು. ಮಳೆ ಬಿದ್ದು ಹತ್ತು ಹದಿನೈದು ದಿನಕ್ಕೆ ಹೊಲದ ಬದುವಿನಲ್ಲಿ, ರಾಗಿಯ ಸಾಲಿನ ನಡುವೆ, ಯಾರೂ ಬಿತ್ತದ ಸೊಪ್ಪು ಏಳುತ್ತದೆ: ಅಣ್ಣೆ, ಗಣಿಕೆ, ಕೀರೆ, ಹೊನಗೊನೆ. ಕಳೆ ಕೀಳಲು ಹೋದ ಅಜ್ಜಿ ಮಡಿಲಿನಲ್ಲಿ ಸಾರಿಗಾಗುವಷ್ಟು ಸೊಪ್ಪು ಕಟ್ಟಿಕೊಂಡು ಬರುತ್ತಿದ್ದರು. ಕೆಲಸವೂ ಆಯಿತು, ಅಡುಗೆಗೂ ಆಯಿತು. ಇದನ್ನು ಹೋಟೆಲಿನವರು ಎಲ್ಲಿಂದ ತಂದಾರು? ಸೊಪ್ಪಿನ ಗುರುತು ಅಜ್ಜಿಗಿದೆ, ಅಮ್ಮನಿಗೆ ಅರ್ಧ ಇದೆ, ನಿಮಗೆ? ಈಗ ಕಳೆನಾಶಕ ಹೊಡೆದ ಹೊಲದಲ್ಲಿ ಸೊಪ್ಪೇ ಏಳುವುದಿಲ್ಲ. ಏಳುವ ಕಡೆ ಅದನ್ನು ಗುರುತಿಸುವವರಿಲ್ಲ. ಸೊಪ್ಪಿನ ಗುರುತು ಯಾವ ಪಠ್ಯಪುಸ್ತಕದಲ್ಲೂ ಹಿಡಿಯಷ್ಟಾದರೂ ಬಂದಿಲ್ಲವೆಂಬುದು ನನ್ನ ದೂರು. ಒಂದು ಎಚ್ಚರಿಕೆ: ಗುರುತಿಲ್ಲದ ಸೊಪ್ಪನ್ನು ಪುಸ್ತಕದ ಚಿತ್ರ ನೋಡಿ ಕಿತ್ತು ತಿನ್ನಬಾರದು. ಬಲ್ಲ ಹಿರಿಯರೊಡನೆ ಹೊಲಕ್ಕೆ ಹೋಗಿ, ಅವರ ಕೈಯಿಂದಲೇ ಕಲಿಯಬೇಕು.

ಈ ಸೊಪ್ಪಿನಲ್ಲಿ ಬಸ್ಸಾರು ಮಾಡುವ ಕ್ರಮವನ್ನು ಹೇಳುತ್ತೇನೆ, ಹುಡುಗರೂ ಕೇಳಿಸಿಕೊಳ್ಳಿ. ತೊಗರಿಬೇಳೆಯನ್ನೋ ಅಲಸಂದೆ ಕಾಳನ್ನೋ ಮುಕ್ಕಾಲು ಬೇಯಿಸಿ, ತೊಳೆದು ಹೆಚ್ಚಿದ ಸೊಪ್ಪು ಹಾಕಿ ಮತ್ತೆ ಬೇಯಿಸಿ. ಸೊಪ್ಪು ಮೆತ್ತಗಾದ ಮೇಲೆ ನೀರನ್ನು ಬೇರೆ ಪಾತ್ರೆಗೆ ಬಸಿದುಕೊಳ್ಳಿ. ಬಸಿದು ಮಾಡುವುದರಿಂದಲೇ ಅದು ಬಸ್ಸಾರು. ಬಸಿದ ನೀರಿಗೆ ‘ಕಟ್ಟು’ ಎಂದು ಹೆಸರು. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳು ಮೆಣಸು, ಕೊತ್ತಂಬರಿ ಬೀಜ, ಸ್ವಲ್ಪ ತೆಂಗಿನ ತುರಿ - ಇವನ್ನು ಹುರಿದು, ಬೆಂದ ಕಾಳು ಸೊಪ್ಪಿನ ಒಂದು ಹಿಡಿಯೊಂದಿಗೆ ರುಬ್ಬಿ, ಹುಣಸೆ ರಸದ ಜೊತೆ ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರಾಯಿತು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯವಾಯಿತು. ಒಂದೇ ಸಲ ಬೇಯಿಸಿದ್ದರಲ್ಲಿ ಎರಡು ಅಡುಗೆ. ಸೌದೆ ಹೊತ್ತು ತರಬೇಕಾಗಿದ್ದ ಹೆಂಗಸರ ಬುದ್ಧಿ ಇದು. ಬೇಯುವಾಗ ನೀರಿಗೆ ಇಳಿದ ಸತ್ವವೂ ಚೆಲ್ಲಿ ಹೋಗುವುದಿಲ್ಲ, ಸಾರಿನಲ್ಲೇ ಉಳಿಯುತ್ತದೆ.

ಇದರ ಜೊತೆಗೆ ರಾಗಿ ಮುದ್ದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ; ಅಷ್ಟೇ ತೂಕದ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ರಾಗಿಗೆ ನಗರಗಳಲ್ಲಿ ಮರ್ಯಾದೆ ಬಂದಿದೆ. ಬರಲಿ, ಸಂತೋಷ. ಆದರೆ ಮುದ್ದೆ ಉಣ್ಣುವವರೆಂದು ಹಾಸ್ಟೆಲಿನಲ್ಲಿ ಹಾಸ್ಯಕ್ಕೊಳಗಾದ ಹುಡುಗರು ನಮ್ಮ ಕಡೆ ಬಹಳ ಮಂದಿ ಇದ್ದರು ಎಂಬುದನ್ನೂ ಮರೆಯಬಾರದು.

ಅವರೆಕಾಯಿಯ ವಿಷಯ ಎತ್ತಿದರೆ ನನ್ನ ಸಮಯ ಅಲ್ಲಿಗೇ ಮುಗಿದೀತು. ಡಿಸೆಂಬರ್, ಜನವರಿಯ ಇಬ್ಬನಿಯಲ್ಲಿ ಕಾಯಿಗೆ ಸೊಗಡು ಬರುತ್ತದೆ, ಬಿಡಿಸಿದ ಕೈ ಎರಡು ದಿನ ಘಮಘಮಿಸುತ್ತದೆ. ಕಾಳನ್ನು ನೆನೆಸಿ ಒಂದೊಂದನ್ನೇ ಹಿತುಕಿ ಸಿಪ್ಪೆ ತೆಗೆದ ಹಿತಕಿದ ಬೇಳೆಯ ಸಾರು ಆಗ ಮನೆಮನೆಯಲ್ಲಿ. ಐದು ಜನರ ಮನೆಗೆ ಬೇಕಾಗುವಷ್ಟು ಬೇಳೆ ಹಿತುಕಲು ಒಬ್ಬರೇ ಕೂತರೆ ಅರ್ಧ ದಿನ ಹಿಡಿಯುತ್ತದೆ; ಐವರೂ ಕೂತರೆ ಮಾತಾಡುತ್ತಾ ಮುಗಿದೇ ಹೋಗುತ್ತದೆ. ಸಾಮಾನ್ಯವಾಗಿ ಎಷ್ಟು ಜನ ಕೂರುತ್ತಾರೆ ಎಂಬುದು ನಿಮಗೇ ಗೊತ್ತಿದೆ.

ಅಮ್ಮನ ಮಾತಿಗೆ ಈಗ ಮರಳಬಹುದು. ‘ಮನೆ ಊಟದಂಥ ಊಟವಿಲ್ಲ’ ಎಂದು ಹೇಳುವವರು ಸಾಮಾನ್ಯವಾಗಿ ಅದನ್ನು ಉಣ್ಣುವವರು, ಮಾಡುವವರಲ್ಲ. ಮನೆಯ ಅಡುಗೆ ಸರಳ ಎನ್ನುತ್ತೇವೆ. ಸರಳವಾದದ್ದು ಪದಾರ್ಥ, ಕೆಲಸವಲ್ಲ. ಸೊಪ್ಪು ಸೋಸುವುದು, ಕಾಳು ಹಿತುಕುವುದು, ಹಿಟ್ಟು ಗಂಟಾಗದಂತೆ ಮುದ್ದೆ ತೊಳಸುವುದು - ಎಲ್ಲಕ್ಕೂ ತೋಳು ಬೇಕು, ಹೊತ್ತು ಬೇಕು. ಒಬ್ಬರ ಮೇಲೆಯೇ ಬಿದ್ದರೆ ಈ ಅಡುಗೆ ಉಳಿಯುವುದಿಲ್ಲ. ಆ ಒಬ್ಬರು ದಣಿದ ದಿನ ಪ್ಯಾಕೆಟ್ಟಿನ ತಿನಿಸು ಒಳಗೆ ಬರುತ್ತದೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರ ಹೆಸರನ್ನು ನೀವು ಕೇಳಿದ್ದೀರಿ. ಬಡ ಮನೆಯ ಹುಡುಗ, ಓದಲೆಂದು ಬೆಂಗಳೂರಿಗೆ ನಡೆದುಕೊಂಡೇ ಹೋದವರು. ಅಮೆರಿಕದಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಬದುಕಿನ ಬಹುಭಾಗವನ್ನು ಕಳೆದದ್ದು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿ ನಿಲಯದ ಒಂದು ಕೋಣೆಯಲ್ಲಿ. ಅವರ ವೈಚಾರಿಕತೆಯಷ್ಟೇ ಅವರು ಮಾಡುತ್ತಿದ್ದ ಉಪ್ಪಿಟ್ಟೂ ಅವರ ಶಿಷ್ಯರಲ್ಲಿ ಹೆಸರುವಾಸಿ. ಕುಲಪತಿಗಳ ಕೈಯಲ್ಲಿ ಸೌಟು ಇದ್ದರೆ ಅವರ ಘನತೆಗೆ ಕುಂದು ಬರಲಿಲ್ಲ.

ಕಾಲೇಜಿಗೆಂದು ಬೇರೆ ಊರಿನಲ್ಲಿ ಕೋಣೆ ಮಾಡಿಕೊಂಡಿರುವ ಅನೇಕರು ಇದನ್ನು ಓದುತ್ತಿರಬಹುದು. ತಿಂಗಳಿಗೊಮ್ಮೆ ಗೆಳೆಯರೊಡನೆ ಹೋಟೆಲಿಗೆ ಹೋಗಿ, ಒಳ್ಳೆಯ ದೋಸೆ ತಿನ್ನಿ, ಸಾಧ್ಯವಾದರೆ ಕಾವಲಿಯ ಹತ್ತಿರವೇ ಕೂತು ಭಟ್ಟರ ಕೈ ನೋಡಿ. ಉಳಿದ ದಿನಗಳಲ್ಲಿ ಒಂದು ಸ್ಟೌ, ಒಂದು ಪಾತ್ರೆ ಇದ್ದರೆ ಮಸ್ಸೊಪ್ಪು ಆಗುತ್ತದೆ: ಬೇಳೆ, ಸೊಪ್ಪು, ಎರಡು ಟೊಮೆಟೊ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಒಟ್ಟಿಗೆ ಬೇಯಿಸಿ ಮಸೆದು ಒಗ್ಗರಣೆ ಹಾಕಿದರೆ ಮುಗಿಯಿತು, ರುಬ್ಬುವ ಕೆಲಸವೇ ಇಲ್ಲ. ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ದಿನ ಬಸ್ಸಾರು ನೀವೇ ಮಾಡಿ, ಅಮ್ಮನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ ಬಡಿಸಿ. ಹುಣಸೆ ರಸವನ್ನು ಕಾಳು, ಸೊಪ್ಪು ಬೆಂದ ಮೇಲೆಯೇ ಹಾಕಬೇಕು ಎಂಬುದು ನೆನಪಿರಲಿ. ಮೊದಲೇ ಹಾಕಿದರೆ ಹುಳಿಗೆ ಕಾಳು ಬೇಯುವುದಿಲ್ಲ.